ಕಾಳಾರಾಮನ ದ್ವಾರವೂ ಮಿಲಿಂದ ವಿದ್ಯಾಲಯವೂ: ಸಂವಿಧಾನದ ಸಮಾಜಶಾಸ್ತ್ರ

ಸಂವಿಧಾನವನ್ನು ನ್ಯಾಯವಾದಿಯು ಓದುವ ಕ್ರಮವೊಂದು, ಸಮಾಜಶಾಸ್ತ್ರಜ್ಞನು ಓದುವ ಕ್ರಮ ಮತ್ತೊಂದು. ಒಂದು ವಿಧಿಯ ಅರ್ಥವೇನು, ನ್ಯಾಯಾಲಯವು ಅದನ್ನು ಹೇಗೆ ವ್ಯಾಖ್ಯಾನಿಸಿದೆ ಎಂದು ಮೊದಲನೆಯವನು ವಿಚಾರಿಸಿದರೆ, ಆ ವಿಧಿಯನ್ನು ಬರೆಯಿಸಿದ ಸಾಮಾಜಿಕ ಶಕ್ತಿಗಳಾವುವು, ಬರೆದ ಬಳಿಕ ಬಾವಿಕಟ್ಟೆಯಲ್ಲಿ, ದೇವಾಲಯದ ಹೊಸ್ತಿಲಲ್ಲಿ, ಶಾಲೆಯ ಮಣೆಯ ಮೇಲೆ ಅದು ಯಾರ ನಡತೆಯನ್ನು ಎಷ್ಟರಮಟ್ಟಿಗೆ ತಿದ್ದಿತು ಎಂದು ಎರಡನೆಯವನು ಶೋಧಿಸುತ್ತಾನೆ. ದೇಶವೊಂದರ ನಿಜವಾದ ಸಂವಿಧಾನವು ಅಲ್ಲಿನ ಬಲಾಬಲಗಳ ಸಂಬಂಧವೇ ಹೊರತು ಲಿಖಿತ ಪತ್ರವಲ್ಲವೆಂದು ಜರ್ಮನಿಯ ಲಸಾಲನು 1862ರಲ್ಲಿ ಬರ್ಲಿನ್ನಿನಲ್ಲಿ ಪ್ರತಿಪಾದಿಸಿದನು. ಅಧಿಕಾರವನ್ನು ಜನರು ಯಾವ ನಂಬಿಕೆಯಿಂದ ನ್ಯಾಯಸಮ್ಮತವೆಂದು ಒಪ್ಪುತ್ತಾರೆಂಬುದನ್ನು ಮ್ಯಾಕ್ಸ್ ವೇಬರನು ವಿವೇಚಿಸಿದನು. ಕ್ರಿಸ್ ಥಾರ್ನ್‌ಹಿಲ್ ಎಂಬ ವಿದ್ವಾಂಸನು 2011ರಲ್ಲಿ ಈ ಶಾಸ್ತ್ರಕ್ಕೆ ಮೀಸಲಾದ ಒಂದು ಬೃಹದ್ಗ್ರಂಥವನ್ನೇ ಪ್ರಕಟಿಸಿದನು. ಯುರೋಪಿನ ಈ ಸಿದ್ಧಾಂತಗಳನ್ನು ಒರೆಗೆ ಹಚ್ಚಲು ಮಹಾರಾಷ್ಟ್ರದ ಎರಡು ನಗರಗಳಷ್ಟು ಯೋಗ್ಯವಾದ ನೆಲೆಗಳು ನಮ್ಮ ದೇಶದಲ್ಲಿ ವಿರಳವೆಂದೇ ನಾನು ಭಾವಿಸುತ್ತೇನೆ.

ನಾಸಿಕದ ಪಂಚವಟಿಯಲ್ಲಿರುವ ಕಾಳಾರಾಮ ದೇವಾಲಯವು ಕರಿಕಲ್ಲಿನಿಂದ ಕಟ್ಟಿದ ಪೇಶ್ವೆಯವರ ಕಾಲದ ಗುಡಿ. ಅದರ ಬಾಗಿಲು ತಮಗೂ ತೆರೆಯಬೇಕೆಂದು ಸಹಸ್ರಾರು ಅಸ್ಪೃಶ್ಯ ಸ್ತ್ರೀಪುರುಷರು, ಡಾ. ಅಂಬೇಡ್ಕರರ ನೇತೃತ್ವದಲ್ಲಿ, ನಾಸಿಕ ಜಿಲ್ಲೆಯವರೇ ಆದ ಭಾವುರಾವ್ ಗಾಯಕವಾಡರ ಸಂಘಟನಾ ಸಾಮರ್ಥ್ಯದ ಬಲದಿಂದ, 1930ರ ಮಾರ್ಚ್ 2ರಂದು ಸತ್ಯಾಗ್ರಹವನ್ನು ಆರಂಭಿಸಿ ದೇವಾಲಯದ ದ್ವಾರಗಳೆದುರು ಕುಳಿತರು. ರಾಮನವಮಿಯ ರಥೋತ್ಸವದಲ್ಲಿ ಉಭಯ ಪಕ್ಷದವರೂ ಕೂಡಿ ತೇರಿನ ಹಗ್ಗ ಹಿಡಿಯಬಹುದೆಂಬ ಒಪ್ಪಂದವೇರ್ಪಟ್ಟಿತ್ತಾದರೂ ಅದು ನೆರವೇರದೆ, ಕಲ್ಲುತೂರಾಟದಲ್ಲಿ ಪರ್ಯವಸಾನವಾಯಿತು. ವರ್ಷಗಳು ಉರುಳಿದರೂ ಬಾಗಿಲು ತೆರೆಯಲಿಲ್ಲ. ವಿಗ್ರಹಪೂಜೆಯ ಹಂಬಲದಿಂದ ತಾವು ಈ ಚಳವಳಿಯನ್ನು ಹೂಡಲಿಲ್ಲ, ದಲಿತರಿಗೆ ತಮ್ಮ ಸ್ಥಿತಿಯ ಅರಿವನ್ನುಂಟುಮಾಡುವುದೇ ತಮ್ಮ ಉದ್ದೇಶವಾಗಿತ್ತೆಂದು ಅಂಬೇಡ್ಕರರು 1934ರಲ್ಲಿ ಗಾಯಕವಾಡರಿಗೆ ಬರೆದ ಪತ್ರದಲ್ಲಿ ಸ್ಪಷ್ಟಪಡಿಸಿದರು. ಮರುವರ್ಷ ಅಕ್ಟೋಬರ್ 13ರಂದು ಇದೇ ಜಿಲ್ಲೆಯ ಯೇವಲಾದಲ್ಲಿ, ಹಿಂದುವಾಗಿ ಹುಟ್ಟಿದರೂ ಹಿಂದುವಾಗಿ ಸಾಯುವುದಿಲ್ಲವೆಂಬ ತಮ್ಮ ಸಂಕಲ್ಪವನ್ನು ಅವರು ಘೋಷಿಸಿದರು.

ಆ ಬಾಗಿಲನ್ನು ಕೊನೆಗೆ ಕಾಯಿದೆಯು ತೆರೆಯಿತು. ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ ಹದಿನೇಳನೆಯ ವಿಧಿಯನ್ನು ಕೇವಲ ದಿಲ್ಲಿಯ ಸಭಾಭವನದಲ್ಲಿ ಹುಟ್ಟಿದ ವಾಕ್ಯವೆಂದು ಭಾವಿಸುವವನು ಅದರ ಅರ್ಧ ಚರಿತ್ರೆಯನ್ನು ಮಾತ್ರ ಬಲ್ಲನು. ಉಳಿದರ್ಧವು ನಾಸಿಕದ ಬಿಸಿಲಿನಲ್ಲಿ ಕುಳಿತವರ ದೇಹಶ್ರಮದಲ್ಲಿದೆ. ಆದುದರಿಂದಲೇ ಸಮಾಜಶಾಸ್ತ್ರಜ್ಞನು ಸಂವಿಧಾನ ಸಭೆಯ ನಡಾವಳಿಯೊಂದಿಗೆ ಅರ್ಜಿಗಳನ್ನೂ ಪೊಲೀಸ್ ದಾಖಲೆಗಳನ್ನೂ ಖಾಸಗಿ ಪತ್ರಗಳನ್ನೂ ವೃದ್ಧರ ನೆನಪುಗಳನ್ನೂ ಸಮಾನ ಗೌರವದಿಂದ ಓದಬೇಕಾಗುತ್ತದೆ.

ಇನ್ನು ಈಗ ಛತ್ರಪತಿ ಸಂಭಾಜಿನಗರವೆಂದು ನಾಮಾಂತರಗೊಂಡಿರುವ ಔರಂಗಾಬಾದಿಗೆ ಬರೋಣ. ನಮ್ಮ ಬೀದರ, ಕಲಬುರಗಿ, ರಾಯಚೂರುಗಳಂತೆ 1948ರ ಸೆಪ್ಟೆಂಬರಿನವರೆಗೂ ನಿಜಾಮನ ಆಳ್ವಿಕೆಗೆ ಒಳಪಟ್ಟು, ಉನ್ನತ ಶಿಕ್ಷಣದಲ್ಲಿ ಹಿಂದುಳಿದಿದ್ದ ಈ ಪ್ರಾಂತದಲ್ಲಿ ಅಂಬೇಡ್ಕರರ ಪೀಪಲ್ಸ್ ಎಜುಕೇಷನ್ ಸೊಸೈಟಿಯು 1950ರಲ್ಲಿ ಕಾಲೇಜನ್ನು ತೆರೆಯಿತು. ಅದೇ ಮುಂದೆ ಮಿಲಿಂದ ಮಹಾವಿದ್ಯಾಲಯವೆನಿಸಿತು. ರಾಜಕೀಯದಲ್ಲಿ ಸಮಾನತೆಯೂ ಸಾಮಾಜಿಕ, ಆರ್ಥಿಕ ಜೀವನದಲ್ಲಿ ಅಸಮಾನತೆಯೂ ಏಕಕಾಲದಲ್ಲಿರುವ ವಿರೋಧಾಭಾಸದ ಬದುಕನ್ನು ನಾವು ಪ್ರವೇಶಿಸಲಿದ್ದೇವೆಂದು 1949ರ ನವೆಂಬರ್ 25ರಂದು ಎಚ್ಚರಿಸಿದ ಮಹನೀಯನೇ ಮರುವರ್ಷ ಕಾಲೇಜು ಕಟ್ಟಲು ತೊಡಗಿದುದನ್ನು ಕಂಡಾಗ, ಸಂವಿಧಾನವು ಜೀವಿಸಲು ವಿದ್ಯಾವಂತ ಪ್ರಜೆಗಳು ಬೇಕೆಂಬುದನ್ನು ಅವರು ಎಷ್ಟು ಆಳವಾಗಿ ಅರಿತಿದ್ದರೆಂದು ನನಗೆ ಪೂಜ್ಯಭಾವ ಮೂಡುತ್ತದೆ.

1958ರಲ್ಲಿ ಸ್ಥಾಪಿತವಾದ ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಡಬೇಕೆಂದು ಮಹಾರಾಷ್ಟ್ರದ ವಿಧಾನಮಂಡಲವು 1978ರ ಜುಲೈ 27ರಂದು ನಿರ್ಣಯಿಸಿತು. ನಿರ್ಣಯದ ಬೆನ್ನಲ್ಲೇ ಮರಾಠವಾಡದ ಗ್ರಾಮಗಳಲ್ಲಿ ದಲಿತರ ಮನೆಗಳು ಸುಡಲ್ಪಟ್ಟವು, ಪ್ರಾಣಗಳು ಹೋದವು. ವಿಶ್ವವಿದ್ಯಾಲಯದ ಮೆಟ್ಟಿಲನ್ನೇ ಕಾಣದ ಹಳ್ಳಿಗರು ಅದರ ಹೆಸರಿಗಾಗಿ ನೆರೆಯವರ ಗುಡಿಸಲಿಗೆ ಬೆಂಕಿಯಿಡುವುದೇಕೆ? ಗೇಲ್ ಓಮ್ವೆಟ್ ಮೊದಲಾದ ವಿದ್ವಾಂಸರು ಕಾರಣವನ್ನು ಹೆಸರಿನಲ್ಲಿ ಹುಡುಕದೆ ಊರಿನ ಭೂಸಂಬಂಧ, ಜಾತಿಸಂಬಂಧಗಳಲ್ಲಿ ಅರಸಿದರು. ಊರಿನ ಹಳೆಯ ಬಿಟ್ಟಿ ಚಾಕರಿಯನ್ನು ತೊರೆದು, ಓದಿ, ಮೀಸಲಾತಿಯಿಂದ ಉದ್ಯೋಗ ಪಡೆದು ತಲೆಯೆತ್ತಿ ನಡೆಯತೊಡಗಿದವರನ್ನು ಕಂಡು ಕುದಿಯುತ್ತಿದ್ದ ಅಸಹನೆಗೆ ಹೆಸರಿನ ಪ್ರಶ್ನೆಯು ನಿಮಿತ್ತವಾಯಿತೆಂದೇ ನಾನು ತಿಳಿಯುತ್ತೇನೆ. ಸಂವಿಧಾನವು ಅಲ್ಲಿ ನಿಷ್ಫಲವಾಗಿತ್ತೆಂದು ಹೇಳಲಾಗದು. ಅದರ ಫಲವೇ ಪ್ರತಿರೋಧವನ್ನು ಹುಟ್ಟಿಸಿತ್ತು. ದೀರ್ಘ ಹೋರಾಟದ ತರುವಾಯ 1994ರ ಜನವರಿ 14ರಂದು ವಿಶ್ವವಿದ್ಯಾಲಯವು ‘ಮರಾಠವಾಡಾ’ ಎಂಬ ಶಬ್ದವನ್ನು ಉಳಿಸಿಕೊಂಡೇ ಡಾ. ಬಾಬಾಸಾಹೇಬ ಅಂಬೇಡ್ಕರರ ಹೆಸರನ್ನು ಧರಿಸಿತು. ಶಾಸಕಾಂಗದ ನಿರ್ಣಯಕ್ಕೂ ಸಮಾಜದ ಸಮ್ಮತಿಗೂ ನಡುವಿನ ಅಂತರವನ್ನು ಅಳೆಯಬಯಸುವ ವಿದ್ಯಾರ್ಥಿಗೆ ಇಲ್ಲಿ ಸುಮಾರು ಹದಿನಾರು ವರ್ಷಗಳ ದಾಖಲೆಯಿದೆ.

ಕನ್ನಡಿಗರು ಕೈಗೊಳ್ಳಬೇಕಾದ ತುಲನಾತ್ಮಕ ಅಧ್ಯಯನವೊಂದು ಇದರೊಳಗೆ ಅಡಗಿದೆ. ಒಂದೇ ಹೈದರಾಬಾದ್ ರಾಜ್ಯವು 1956ರಲ್ಲಿ ಭಾಷಾವಾರಾಗಿ ಒಡೆದಾಗ ಮರಾಠವಾಡಕ್ಕೆ 371ನೆಯ ವಿಧಿಯು ಪ್ರತ್ಯೇಕ ಅಭಿವೃದ್ಧಿ ಮಂಡಳಿಯ ಅವಕಾಶವನ್ನು ಕಲ್ಪಿಸಿತು. ಅದೇ ರಾಜ್ಯದ ಕನ್ನಡ ಜಿಲ್ಲೆಗಳಾದರೋ ಶಿಕ್ಷಣ, ಉದ್ಯೋಗಗಳಲ್ಲಿ ಸ್ಥಳೀಯರಿಗೆ ಮೀಸಲಾತಿಯನ್ನು ಒದಗಿಸುವ 371-ಜೆ ವಿಧಿಗಾಗಿ 2012ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಈ ಎರಡು ಸೀಮೆಗಳ ಹಳ್ಳಿಗಳಲ್ಲಿ ಆ ವಿಧಿಗಳು ಯಾವ ಮನೆಯ ಮಕ್ಕಳನ್ನು ಕಾಲೇಜಿಗೂ ಕಚೇರಿಗೂ ಕರೆದೊಯ್ದವು, ಯಾರನ್ನು ಹೊಲದಲ್ಲೇ ಬಿಟ್ಟವು ಎಂಬುದನ್ನು ಕಲಬುರಗಿ ಮತ್ತು ಸಂಭಾಜಿನಗರದ ಸಂಶೋಧಕರು ಒಟ್ಟಾಗಿ ಪರಿಶೀಲಿಸಬಹುದಾಗಿದೆ.