ತುಕ್ಕಿಗಲ್ಲ, ಪೇಂಟಿಗೆ ಹೆದರಿ

ಚಿಕ್ಕಬಳ್ಳಾಪುರದ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರ ಪ್ರಶ್ನೆ ಇದು: ಚಪ್ಪರಕ್ಕೆಂದು ತಂದ ಕಬ್ಬಿಣದ ಆಂಗಲ್‌ಗಳು ಮಳೆಗೆ ನೆನೆದು ಕೆಂಪಗಾಗಿವೆ. ಇವಕ್ಕೆ ಸತುವಿನ ಲೇಪ ಹಾಕಿಸಿದರೆ ಒಳಗಿನ ತುಕ್ಕು ಗೆದ್ದಲಿನ ಹಾಗೆ ತಿನ್ನುತ್ತಲೇ ಇರುವುದಿಲ್ಲವೇ?

ಇಲ್ಲ. ಈ ಭಯ ನಮಗೆ ಬಂದದ್ದು ಪೇಂಟಿನಿಂದ. ಪೇಂಟು ತುಕ್ಕಿನ ಮೇಲೂ ಕೂರುತ್ತದೆ, ಎರಡು ಮಳೆಗಾಲ ಕಳೆಯುವುದರೊಳಗೆ ಸಿಪ್ಪೆ ಎದ್ದು ಬೀಳುತ್ತದೆ. ಕರಗಿದ ಸತುವಿನ ಸ್ವಭಾವವೇ ಬೇರೆ. ಸುಮಾರು 450 ಡಿಗ್ರಿ ಸೆಲ್ಸಿಯಸ್ ಕಾವಿನ ತೊಟ್ಟಿಯಲ್ಲಿ ಅದ್ದಿದಾಗ ಸತು ಕಬ್ಬಿಣಕ್ಕೆ ಬರೀ ಅಂಟಿಕೊಳ್ಳುವುದಿಲ್ಲ, ಅದರೊಡನೆ ಬೆರೆತು ಮಿಶ್ರಲೋಹವಾಗುತ್ತದೆ. ತಳದ ಪದರದಲ್ಲಿ ಕಬ್ಬಿಣದಂಶ ಹೆಚ್ಚು. ಮೇಲೆ ಬಂದಂತೆ ಸತು ಹೆಚ್ಚುತ್ತಾ ಹೋಗಿ, ತುದಿಯದು ಬಹುತೇಕ ಶುದ್ಧ ಸತು. ಸೋಜಿಗವೆಂದರೆ, ಒಳಪದರಗಳು ಕೆಳಗಿರುವ ಉಕ್ಕಿಗಿಂತಲೂ ಗಟ್ಟಿ! ತುಕ್ಕಿನೊಡನೆ ಮಾತ್ರ ಸತು ಹೀಗೆ ಬೆರೆಯುವುದೇ ಇಲ್ಲ. ತುಕ್ಕು ಉಳಿದ ಕಡೆ ಲೇಪ ಹಿಡಿಯದೆ ಕಪ್ಪು ಕಲೆ ಎದ್ದು ಕಾಣುತ್ತದೆ. ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲ.

ಅಷ್ಟಕ್ಕೂ ಸತುವಿನ ತೊಟ್ಟಿಯವರೆಗೆ ತುಕ್ಕು ಬದುಕಿ ಬರುವುದು ಅಪರೂಪ. ಮೊದಲು ಆ್ಯಸಿಡ್ಡಿನಲ್ಲಿ ಮುಳುಗಿಸುತ್ತಾರೆ, ಮೇಲುಮೇಲಿನ ತುಕ್ಕು ಅಲ್ಲೇ ಕರಗಿ ಹೋಗುತ್ತದೆ. ಇನ್ನೊಂದು ಮಾತು ಕೇಳಿದರೆ ಬೆಳೆಗಾರರಿಗೆ ನಗು ಬಂದೀತು: ತುಕ್ಕು ಕೆರೆದ ಒರಟು ಮೈಯಲ್ಲಿ ಸತುವಿನೊಡನೆ ಬೆರೆಯುವ ಜಾಗ ಹೆಚ್ಚು. ಹಾಗಾಗಿ ನುಣುಪು ಉಕ್ಕಿಗಿಂತ ಇಲ್ಲಿ ಲೇಪ ದಪ್ಪಗೆ ಕೂರುವುದೂ ಉಂಟು. ದಪ್ಪ ಉಕ್ಕಿಗೆ ಭಾರತೀಯ ಮಾನಕ ಕೇಳುವುದು ಚದರ ಮೀಟರಿಗೆ 610 ಗ್ರಾಂ, ಅಂದರೆ ಸುಮಾರು 85 ಮೈಕ್ರಾನ್. ಹಾಗೆಂದು ಬೇಕೆಂದೇ ಮಳೆಗೆ ಬಿಡಬೇಡಿ. ಸತು ಗುಂಡಿಗಳನ್ನು ತುಂಬುವುದಿಲ್ಲ, ತುಕ್ಕು ತಿಂದ ಕಬ್ಬಿಣವನ್ನು ಮರಳಿಸುವುದೂ ಇಲ್ಲ. ಹಪ್ಪಳೆ ಏಳುವಷ್ಟು ಸವೆದದ್ದು ಗುಜರಿಗೇ ಲಾಯಕ್ಕು.

ನಿಜವಾದ ಶತ್ರುಗಳು ಬೇರೆ ಇವೆ. ಗೌರಿಬಿದನೂರಿರಲಿ, ಚಿಂತಾಮಣಿಯಿರಲಿ, ವೆಲ್ಡಿಂಗ್ ಶೆಡ್ಡಿನವರು ಪೈಪಿನ ಮೇಲೆ ಪೇಂಟಿನಲ್ಲಿ ಅಳತೆ ಗೀಚಿಬಿಟ್ಟರೆ ಆ್ಯಸಿಡ್ಡು ಅದನ್ನು ಮುಟ್ಟುವುದಿಲ್ಲ. ಗ್ರೀಸು, ವೆಲ್ಡಿಂಗಿನ ಕಿಟ್ಟದ ಕಥೆಯೂ ಇಷ್ಟೇ. ಲೇಪವಾಗಿ ಬಂದ ಪೈಪಿನ ಮೇಲೆ ಅಂಕಿಗಳು ಕಪ್ಪಗೆ ಹಾಗೇ ಉಳಿದಿರುತ್ತವೆ, ಮುಂದೆ ತುಕ್ಕು ಶುರುವಾಗುವುದು ಅಲ್ಲಿಂದಲೇ. ಶನಿವಾರ ಕಬ್ಬಿಣ ತರಬಾರದೆಂದು ಭಾನುವಾರದವರೆಗೆ ಕಾಯುವ ನಾವು ಈ ಗೀಚುಗಳತ್ತ ಕಣ್ಣು ಹಾಯಿಸುವುದಿಲ್ಲ. ಶನಿಗೆ ನಿಮ್ಮ ಆಂಗಲ್ಲಿನ ಗೊಡವೆಯಿಲ್ಲ ಸ್ವಾಮಿ, ಪೇಂಟಿಗಿದೆ!

ಶಿಡ್ಲಘಟ್ಟದಲ್ಲಿ ರೇಷ್ಮೆಹುಳು ಮನೆಗೆ ಶೆಡ್ಡು ಕಟ್ಟುವವರಿಗೂ ಇದೇ ಮಾತು. ಕೊರೆಯುವುದು, ಬೆಸೆಯುವುದು ಎಲ್ಲ ಲೇಪಕ್ಕೆ ಮೊದಲೇ ಮುಗಿಯಲಿ; ಆಮೇಲೆ ವೆಲ್ಡ್ ಮಾಡಿದರೆ ಆ ಜಾಗದ ಸತು ಸುಟ್ಟುಹೋಗುತ್ತದೆ. ತುಕ್ಕಿನ ಮೇಲೆ ಸಿಲ್ವರ್ ಪೇಂಟು ಬಳಿದು ಜಿಐ (ಸತು ಲೇಪಿಸಿದ ಕಬ್ಬಿಣ) ಎಂದು ಮಾರುವವರಿಂದ ದೂರವಿರಿ. ಪೇಂಟು, ಗ್ರೀಸು, ಕಿಟ್ಟ ಕೆರೆದು ತೆಗೆದು ಕಳಿಸಿ, ತುಕ್ಕನ್ನು ಆ್ಯಸಿಡ್ ತೊಟ್ಟಿಗೆ ಬಿಡಿ.