ಬಿಳಿಯರೆಲ್ಲ ದೊರೆಗಳಾಗಿರಲಿಲ್ಲ

ಬೆಂಗಳೂರಿನ ದಂಡು ಪ್ರದೇಶದ ಬೀದಿಗಳ ಹೆಸರನ್ನೇ ನಂಬಿಕೊಂಡರೆ, ಇಲ್ಲಿ ಬಾಳಿಹೋದ ಬ್ರಿಟಿಷರೆಲ್ಲ ಕಮಿಷನರುಗಳು, ಸೇನಾಧಿಕಾರಿಗಳು, ಬಂಗಲೆಯ ಒಡೆಯರು ಅನ್ನಿಸುತ್ತದೆ. ಊರಿನ ಹಳೆಯ ಚರ್ಚಿನ ಕಥೆಯನ್ನೋ ಗುರುತು ಅಳಿಸಿದ ಗೋರಿಯ ಕಥೆಯನ್ನೋ ಕೆದಕಲು ಹೊರಟವರೂ ಈ ನಂಬಿಕೆಯನ್ನು ಹೊತ್ತೇ ಹೊರಡುತ್ತಾರೆ, ಅರ್ಧ ದಾರಿಯಲ್ಲಿ ಎಡವುತ್ತಾರೆ.

ನಿಜದ ಲೆಕ್ಕ ಬೇರೆ. 1857ರ ದಂಗೆಯ ನಂತರದ ದಶಕಗಳಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರು 60,000ಕ್ಕೂ ಹೆಚ್ಚು. ಐಸಿಎಸ್ ಅಧಿಕಾರಿಗಳು ಸುಮಾರು ಒಂದು ಸಾವಿರ. ಎಂದರೆ ಇಲ್ಲಿ ಬದುಕಿದ ಬಹುಪಾಲು ಬ್ರಿಟಿಷರು ಬ್ಯಾರಕ್ಕಿನಲ್ಲಿ ಮಲಗಿ, ಕಾಲರಾ ಮತ್ತು ವಿಷಮಶೀತಜ್ವರಕ್ಕೆ ಹೆದರುತ್ತ ದಿನ ದೂಡಿದ ಬಡವರು. ಲ್ಯಾವೆಲ್ ರಸ್ತೆಗೆ ಹೆಸರು ಕೊಟ್ಟ ಮೈಕೆಲ್ ಲ್ಯಾವೆಲ್ ಸಹ ಸೈನ್ಯದಿಂದ ನಿವೃತ್ತನಾದ ಐರ್ಲೆಂಡಿನವನೇ; ಕೋಲಾರದ ಚಿನ್ನದ ಬೆನ್ನು ಹತ್ತಿ ಹೆಸರಾದ. ಮುಂದೆ 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಳಿಗೆ ಕೈಹಾಕಿದಾಗ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿಗಾರರು ಬಂದರು. ಅಲ್ಲಿನ ತಾಮ್ರ, ತವರದ ಗಣಿಗಳು ಕುಸಿದು ಅನ್ನ ಹುಡುಕುತ್ತ ಹೊರಟವರು ಅವರು. ಬೀದಿಯಲ್ಲಿ ಅಲೆಯುವ ನಿರ್ಗತಿಕ ಬಿಳಿಯರಿಗಾಗಿಯೇ 1874ರಲ್ಲಿ ಸರ್ಕಾರ ಯುರೋಪಿಯನ್ ಅಲೆಮಾರಿಗಳ ಕಾಯ್ದೆ ತಂದಿತು. ದೊರೆಗಳ ದೇಶದಲ್ಲಿ ಅಂಥ ಕಾಯ್ದೆಗೆ ಏನು ಕೆಲಸ?

ಸಾಮಾನ್ಯ ಸೈನಿಕ ಮದುವೆಯಾಗಲು ಪಡೆಯ ಮುಖ್ಯಸ್ಥನ ಒಪ್ಪಿಗೆ ಬೇಕಿತ್ತು, ಅದು ಕೆಲವರಿಗಷ್ಟೇ ಸಿಗುತ್ತಿತ್ತು. ಗಂಡ ಸತ್ತರೆ ಹೆಂಡತಿಗೆ ಬರುತ್ತಿದ್ದ ಪಡಿ ಸ್ವಲ್ಪ ಕಾಲದಲ್ಲೇ ನಿಲ್ಲುತ್ತಿತ್ತು. ಹಾಗಾಗಿ ವಿಧವೆಯರು ಕೆಲವೇ ತಿಂಗಳಲ್ಲಿ, ಕೆಲವೊಮ್ಮೆ ವಾರಗಳಲ್ಲಿ, ಅದೇ ಪಡೆಯ ಇನ್ನೊಬ್ಬನನ್ನು ಮದುವೆಯಾಗುತ್ತಿದ್ದರು. ಒಬ್ಬಳೇ ಹೆಂಗಸು ಮೂರು ಮನೆತನದ ಹೆಸರಿನಲ್ಲಿ ದಾಖಲೆಗಳಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ. ಅವಳನ್ನು ಚಂಚಲೆ ಎಂದು ತೀರ್ಪು ಕೊಟ್ಟ ಬರಹಗಳನ್ನು ಓದಿದಾಗ ನನಗೆ ಸಂಕಟವಾಗುತ್ತದೆ. ಮಕ್ಕಳನ್ನು ಕಟ್ಟಿಕೊಂಡು ಸಮುದ್ರದಾಚೆ ಒಂಟಿಯಾದವಳಿಗೆ ಬೇರೆ ದಾರಿ ಇರಲಿಲ್ಲ.

ಬಿಳಿಯರೆಲ್ಲ ಬ್ರಿಟಿಷರು ಎನ್ನುವುದು ಇನ್ನೊಂದು ಗಟ್ಟಿ ಕಲ್ಪನೆ. ನಮ್ಮ ನಿಘಂಟಿನ ಕಿಟ್ಟೆಲ್ ಜರ್ಮನಿಯವರು. ‘ಮಂಗಳೂರ ಸಮಾಚಾರ’ ಹೊರಡಿಸಿದ ಮೊಗ್ಲಿಂಗ್ ಕೂಡ. ಇವರ ಬದುಕಿನ ಕಾಗದಗಳನ್ನು ಹುಡುಕಬೇಕಾದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ, ಬಾಸೆಲ್ ಮಿಷನ್ನಿನ ಸಂಗ್ರಹದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಡಿ ಮ್ಯೂರನ್ ರೆಜಿಮೆಂಟು ಸ್ವಿಸ್ ಬಾಡಿಗೆ ಪಡೆ. ಡಚ್ಚರ ಸೇವೆಯಲ್ಲಿದ್ದು 1795ರಲ್ಲಿ ಬ್ರಿಟಿಷರ ಕಡೆ ಬಂದದ್ದು. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಆ ಪಡೆಯವರೂ ಇದ್ದಾರೆ. ಇದಕ್ಕೆ ತಿರುಗುಮುರುಗಾಗಿ, ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬಿ.ಎಲ್. ರೈಸ್ ಬ್ರಿಟಿಷರೇ, ಆದರೆ 1837ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ.

ದಾಖಲೆಗಳೆಲ್ಲ ಹಡಗು ಹತ್ತಿ ಲಂಡನ್ನಿಗೆ ಹೋದವು ಎಂಬ ಮಾತೂ ಅರ್ಧ ಸತ್ಯ. ಚರ್ಚುಗಳ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ಪಟ್ಟಿಗಳನ್ನು ನಕಲು ಮಾಡಿ ಆಯಾ ಪ್ರಾಂತ್ಯದ ರಾಜಧಾನಿಗೂ ಅಲ್ಲಿಂದ ಲಂಡನ್ನಿಗೂ ಕಳಿಸುವ ಪದ್ಧತಿ ಇತ್ತು. ಆ ನಕಲುಗಳು ಈಗ ಬ್ರಿಟಿಷ್ ಲೈಬ್ರರಿಯಲ್ಲಿ ಬಂಗಾಳ, ಮದ್ರಾಸು, ಬೊಂಬಾಯಿ ಎಂಬ ಮೂರು ಸಾಲುಗಳಲ್ಲಿವೆ. ಬೆಂಗಳೂರು ಮೈಸೂರು ಸೀಮೆಯಲ್ಲಿದ್ದರೂ ಇಲ್ಲಿನ ಪಾದ್ರಿಗಳು ಮದ್ರಾಸಿಗೆ ಸೇರಿದವರು, ಹಾಗಾಗಿ ದಂಡಿನ ಹೆಸರುಗಳನ್ನು ಮದ್ರಾಸಿನ ಸಾಲಿನಲ್ಲೇ ನೋಡಬೇಕು. ನಕಲು ಮಾಡುವಾಗ ಹೆಸರು ತಪ್ಪಿದ್ದುಂಟು, ಕಳಿಸದೆ ಉಳಿದದ್ದೂ ಉಂಟು, ಕ್ಯಾಥೊಲಿಕರದಂತೂ ಕಡಿಮೆಯೇ. ಮೂಲ ಪುಸ್ತಕಗಳಿದ್ದದ್ದು ಇಲ್ಲಿನ ಚರ್ಚುಗಳಲ್ಲಿ. ಅಂಥವುಗಳಲ್ಲಿ ಒಂದಾದ ಚೆನ್ನೈ ಕೋಟೆಯೊಳಗಿನ ಸೇಂಟ್ ಮೇರಿಸ್ ಚರ್ಚು 1680ರದ್ದು. ರಾಬರ್ಟ್ ಕ್ಲೈವ್ ಮದುವೆಯಾದದ್ದು 1753ರಲ್ಲಿ, ಅಲ್ಲೇ. ಗೋರಿಗಲ್ಲನ್ನಷ್ಟೇ ನಂಬಿದರೂ ಮೋಸವೇ. ಕಲ್ಲು ಕೆತ್ತಿಸಲು ಹಣ ಬೇಕಿತ್ತು. ಸಾಮಾನ್ಯ ಸೈನಿಕ ಬಹುಮಟ್ಟಿಗೆ ಗುರುತಿಲ್ಲದೆ ಮಣ್ಣಾದ.

1947ರಲ್ಲಿ ಎಲ್ಲರೂ ಗಂಟುಮೂಟೆ ಕಟ್ಟಿದರು ಎನ್ನುತ್ತಾರೆ. ಹುಲಿಬೇಟೆಯ ಇಬ್ಬರು ಲೇಖಕರನ್ನೇ ನೋಡಿ. ನೈನಿತಾಲಿನಲ್ಲಿ ಹುಟ್ಟಿದ ಜಿಮ್ ಕಾರ್ಬೆಟ್ ಆ ವರ್ಷ ಹೊರಟರು, ಆದರೆ ಇಂಗ್ಲೆಂಡಿಗಲ್ಲ, ಕೀನ್ಯಾಕ್ಕೆ. ಕೆನೆತ್ ಆಂಡರ್ಸನ್ ಬೆಂಗಳೂರಿನಲ್ಲೇ ಉಳಿದು 1974ರಲ್ಲಿ ಇಲ್ಲೇ ತೀರಿಕೊಂಡರು.

ಎಲ್ಲಕ್ಕಿಂತ ಆಳದ ತಪ್ಪು ತಾಯಂದಿರ ವಿಷಯದ್ದು. ಬ್ರಿಟಿಷರು ಮೊದಲಿನಿಂದಲೂ ನಮ್ಮವರಿಂದ ದೂರವೇ ಇದ್ದರು ಎಂದು ನಾವು ಓದಿಕೊಂಡಿದ್ದೇವೆ. ಆದರೆ ಹದಿನೆಂಟನೇ ಶತಮಾನದ ಈಸ್ಟ್ ಇಂಡಿಯಾ ಕಂಪನಿಯ ನೌಕರರಲ್ಲಿ ಭಾರತೀಯ ಹೆಂಗಸರೊಂದಿಗೆ ಸಂಸಾರ ಹೂಡಿದವರು ಬೇಕಾದಷ್ಟಿದ್ದರು. ಹೈದರಾಬಾದಿನ ರೆಸಿಡೆಂಟ್ ಜೇಮ್ಸ್ ಕರ್ಕ್‌ಪ್ಯಾಟ್ರಿಕ್ ಮತ್ತು ಖೈರುನ್ನಿಸಾ ಅವರ ಇಬ್ಬರು ಮಕ್ಕಳನ್ನು 1805ರಲ್ಲಿ ಇಂಗ್ಲೆಂಡಿಗೆ ಕಳಿಸಿದರು. ಸಾಹಿಬ್ ಬೇಗಂ ಎಂಬ ಹುಡುಗಿ ಅಲ್ಲಿ ಕ್ಯಾಥರೀನ್ ಅರೋರಾ ಆದಳು. ತಾಯಿಯನ್ನು ಮತ್ತೆ ಕಾಣಲಿಲ್ಲ. ಮೂರು ದಶಕಗಳಿಗೂ ಮೀರಿದ ಮೇಲೆ ಹೈದರಾಬಾದಿನ ಅಜ್ಜಿಯೊಂದಿಗೆ ಪತ್ರವ್ಯವಹಾರ ಕುದುರಿತು.

ಅದು ದೊಡ್ಡ ಮನೆತನ, ಆದ್ದರಿಂದ ಹೆಸರು ಉಳಿಯಿತು. ಉಳಿದವರ ಗತಿ ಬೇರೆ. ಭಾರತೀಯ ತಾಯಿಯ ಮಕ್ಕಳಿಗೆ ಕಂಪನಿಯ ಉನ್ನತ ನೌಕರಿ ಇಲ್ಲ ಎಂದು 1791ರಲ್ಲಿ ನಿಯಮವಾಯಿತು. ತಾಯಿಯನ್ನು ಬಚ್ಚಿಡುವುದು ಮಗನ ಅನ್ನದ ಪ್ರಶ್ನೆಯಾಯಿತು. ಚರ್ಚಿನ ಪುಸ್ತಕಗಳಲ್ಲಿ ಎಷ್ಟೋ ಮಕ್ಕಳ ಎದುರು ತಂದೆಯ ಹೆಸರಷ್ಟೇ ಇದೆ, ತಾಯಿಯ ಜಾಗ ಖಾಲಿ, ಇಲ್ಲವೆ ಈ ದೇಶದ ಹೆಂಗಸು ಎಂಬ ಒಂದು ಮಾತು. ಅಂಥ ಕಡೆ ಉಯಿಲುಗಳನ್ನು ತೆರೆಯಬೇಕು. ಸಾಯುವ ಮುನ್ನ ಆಕೆಗೆ ತಿಂಗಳ ಹಣವನ್ನೋ ಮನೆಯನ್ನೋ ಬಿಟ್ಟುಹೋಗಲು ಬಯಸಿದವನು ಯಾರಿಗೆ ಎಂದು ಬರೆಯಲೇಬೇಕಿತ್ತು. ಪಾದ್ರಿ ಬರೆಯದ ಹೆಸರನ್ನು ಅಲ್ಲಿ ಗುಮಾಸ್ತ ಬರೆದಿದ್ದಾನೆ.