ಕೆಲಸಕ್ಕೆ ಮರಳುವ ತಾಯಂದಿರೇ, ಎದೆಹಾಲನ್ನು ಒಮ್ಮೆಲೇ ಬಿಡಿಸಬೇಡಿ



12ನೆಯ ಶತಮಾನದಲ್ಲಿ ಶರಣರು ಹೆಣ್ಣುಮಕ್ಕಳ ಕಾಯಕಕ್ಕೂ ಸಮನಾದ ಗೌರವ ಕೊಟ್ಟರು. ಕದಿರ ರೆಮ್ಮವ್ವೆ ನೂಲುವ ಕಾಯಕ ಮಾಡಿದ ಶರಣೆ. ಇಂದೂ ಬಸವಕಲ್ಯಾಣ, ಹುಮನಾಬಾದ ಭಾಗದ ಎಷ್ಟೋ ತಾಯಂದಿರು ಹೊಲ, ಶಾಲೆ, ಕಚೇರಿ, ಕಾರ್ಖಾನೆಗಳಲ್ಲಿ ದುಡಿಯುತ್ತಾರೆ. ಕೆಲಸಕ್ಕೆ ಹೋಗುವ ದಿನ ಬಂತೆಂದು ಕೆಲವರು ಎದೆಗೆ ಬೇವಿನ ರಸ ಹಚ್ಚಿ ಒಂದೇ ದಿನದಲ್ಲಿ ಹಾಲು ಬಿಡಿಸುತ್ತಾರೆ. ಇದರಿಂದ ಮಗು ಸೊರಗುತ್ತದೆ, ತಾಯಿಯ ಎದೆ ಬಿಗಿದು ಬಾವು ಬರಬಹುದು.

ಕೆಲಸಕ್ಕಾಗಿ ಹಾಲನ್ನು ಪೂರ್ತಿ ಬಿಡಿಸಬೇಕಾಗಿಲ್ಲ. ಹಗಲಿನ ಹಾಲು ಕಡಿಮೆ ಮಾಡಿದರೆ ಸಾಕು. ಬೆಳಿಗ್ಗೆ, ಸಂಜೆ, ರಾತ್ರಿ ಕುಡಿಸುವುದನ್ನು ಮಗುವಿಗೆ 2 ವರ್ಷವಾಗುವವರೆಗೂ, ಆಮೇಲೂ ಮುಂದುವರಿಸಬಹುದು.

ಹೇಗೆ ಕಡಿಮೆ ಮಾಡಬೇಕು?

ಕೆಲಸಕ್ಕೆ ಹೋಗುವ 4 ವಾರ ಮೊದಲೇ ಪ್ರಾರಂಭಿಸಿ. ಮೊದಲ ವಾರ ಮಧ್ಯಾಹ್ನದ ಒಂದು ಹೊತ್ತಿನ ಹಾಲು ಮಾತ್ರ ತಪ್ಪಿಸಿ. ಎರಡನೆಯ ವಾರ ಮುಂಜಾನೆ ಹತ್ತರ ಸುಮಾರಿನದು, ಮೂರನೆಯ ವಾರ ನಾಲ್ಕು ಗಂಟೆಯದು. ನಾಲ್ಕನೆಯ ವಾರ ಮಗುವನ್ನು ನೋಡಿಕೊಳ್ಳುವವರ ಬಳಿ ಹಗಲಿಡೀ ಬಿಟ್ಟು ರೂಢಿ ಮಾಡಿ. ಮಗುವಿಗೆ ಜ್ವರ, ಭೇದಿ ಇದ್ದಾಗ ಕಡಿಮೆ ಮಾಡುವುದನ್ನು ನಿಲ್ಲಿಸಿ, ಹೆಚ್ಚು ಸಲ ಹಾಲು ಕುಡಿಸಿ.

ಆ ಹೊತ್ತಿಗೆ ಏನು ಕೊಡಬೇಕು?

6 ತಿಂಗಳು ತುಂಬದ ಮಗುವಿಗೆ ಹಿಂಡಿ ತೆಗೆದ ತಾಯಿಹಾಲೇ ಸಾಕು, ನೀರು ಕೂಡ ಬೇಡ. 6 ತಿಂಗಳು ತುಂಬಿದ ಮೇಲೆ ಮೆತ್ತಗೆ ಬೇಯಿಸಿದ ಬೇಳೆ-ಅನ್ನ, ರಾಗಿ ಗಂಜಿ, ಕಿಚಡಿ, ಕಿವುಚಿದ ಬಾಳೆಹಣ್ಣು ಕೊಡಿ. ಅನ್ನದ ಮೇಲೆ ಒಂದು ಚಮಚ ತುಪ್ಪ ಹಾಕಿ. ಮೊದಲು ದಿನಕ್ಕೆ 2-3 ಸಲ ಎರಡು ಮೂರು ಚಮಚ ಕೊಟ್ಟು, ನಿಧಾನವಾಗಿ ಅರ್ಧ ಬಟ್ಟಲಿಗೆ ಏರಿಸಿ. 1 ವರ್ಷದವರೆಗೆ ಜೇನುತುಪ್ಪ ಬೇಡ. ತಾಯಿಹಾಲಿನ ಬದಲಿಗೆ ಆಕಳ ಹಾಲನ್ನಾಗಲಿ ಡಬ್ಬಿ ಹಾಲನ್ನಾಗಲಿ ವೈದ್ಯರನ್ನು ಕೇಳದೆ ಪ್ರಾರಂಭಿಸಬೇಡಿ.

ಹಾಲು ಹಿಂಡಿ ಇಡುವ ಕ್ರಮ

ಸೋಪಿನಿಂದ ಕೈ ತೊಳೆದು, ಕುದಿಸಿ ತೆಗೆದ ಮುಚ್ಚಳದ ಸ್ಟೀಲ್ ಬಟ್ಟಲಿನಲ್ಲಿ ಹಿಂಡಿ. ತಣ್ಣನೆಯ ಜಾಗದಲ್ಲಿ 4 ಗಂಟೆಯೊಳಗೆ ಬಳಸಿ. ನಮ್ಮ ಕಡೆಯ ಬಿಸಿಲುಗಾಲದಲ್ಲಿ ಅದಕ್ಕೂ ಮೊದಲೇ ಬಳಸಿ. ಫ್ರಿಜ್ ಇದ್ದರೆ 24 ಗಂಟೆ ಇಡಬಹುದು. ಒಲೆಯ ಮೇಲೆ ಕಾಯಿಸಬೇಡಿ. ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲನ್ನಿಟ್ಟು ಬೆಚ್ಚಗೆ ಮಾಡಿ. ಬಾಟಲಿ ಬೇಡ, ಬಟ್ಟಲು-ಚಮಚದಿಂದ ಕುಡಿಸಿ. ಮಗು ಕುಡಿದು ಉಳಿದದ್ದನ್ನು ಚೆಲ್ಲಿಬಿಡಿ.

ಬಿಸಿಲಲ್ಲಿ ದುಡಿದು ಬಂದ ತಾಯಿಯ ಹಾಲು ಕೆಟ್ಟಿರುತ್ತದೆ ಎಂಬ ಮಾತಿದೆ. ಇದು ತಪ್ಪು. ಎದೆಯೊಳಗಿನ ಹಾಲು ಕೆಡುವುದಿಲ್ಲ. ಮನೆಗೆ ಬಂದು ಕೈ-ಮುಖ ತೊಳೆದು, ನೀರು ಕುಡಿದು ನಿಶ್ಚಿಂತೆಯಿಂದ ಕುಡಿಸಿ.

ತಾಯಿಯ ಆರೋಗ್ಯ

ಎದೆ ಬಿಗಿದರೆ ಹಗುರಾಗುವಷ್ಟು ಮಾತ್ರ ಹಾಲು ಹಿಂಡಿ ತೆಗೆಯಿರಿ. ಬಟ್ಟೆಯಿಂದ ಬಿಗಿದು ಕಟ್ಟಬೇಡಿ. ಎದೆ ಕೆಂಪಾಗಿ ನೋವು, ಗಡ್ಡೆ, ಚಳಿಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಆಗಲೂ ಹಾಲು ಕುಡಿಸುವುದನ್ನು ನಿಲ್ಲಿಸಬೇಡಿ.

ನಿಮಗಿರುವ ಸೌಲಭ್ಯಗಳು

2017ರ ತಿದ್ದುಪಡಿಯಿಂದ ಹೆರಿಗೆ ಕಾಯ್ದೆಗೆ ಒಳಪಟ್ಟ ಸಂಸ್ಥೆಗಳಲ್ಲಿ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಅಂಥಲ್ಲಿ ಮಗುವಿಗೆ 15 ತಿಂಗಳಾಗುವವರೆಗೆ ಹಾಲುಣಿಸಲು ದಿನಕ್ಕೆ 2 ಬಿಡುವು ಕೇಳುವುದು ತಾಯಿಯ ಹಕ್ಕು. ಕೂಲಿಗೆ ಹೋಗುವವರು ತಮ್ಮ ಗ್ರಾಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಇದೆಯೇ ಎಂದು ವಿಚಾರಿಸಿ. 6 ತಿಂಗಳು ತುಂಬಿದ ಮಗುವಿನ ಪೂರಕ ಆಹಾರಕ್ಕೆ ಅಂಗನವಾಡಿಯಲ್ಲಿ ಹೆಸರು ಬರೆಸಿ.

ಮನೆಯವರಲ್ಲಿ ವಿನಂತಿ

ಅತ್ತೆಯವರೇ, ಯಜಮಾನರೇ, ತಾಯಿ ಕೆಲಸದಿಂದ ಬಂದ ಕೂಡಲೇ ಅಡುಗೆ ಮನೆಗೆ ಕಳಿಸಬೇಡಿ. ಮೊದಲ ಅರ್ಧ ತಾಸು ಆಕೆಯನ್ನು ಕೂಸಿನ ಜೊತೆ ಕೂರಲು ಬಿಡಿ. ಆಕೆಗೂ ಹೊಟ್ಟೆ ತುಂಬ ರೊಟ್ಟಿ, ಪಲ್ಯ, ಬೇಳೆ ಬಡಿಸಿ. ಕೂಸಿಗೆ ಹಾಲುಣಿಸುವುದೂ ಒಂದು ಕಾಯಕವೇ. ಅದರಲ್ಲಿ ಮನೆಯವರೆಲ್ಲರ ಪಾಲಿದೆ.